ಟ್ಯಾಗಿನ ಮೇಲಿನ ‘ಮಾಲ್’: ಜೀನ್ಸ್ ಯೂನಿಟ್ಟಿನ ಒಂದು ಜಗಳ

ಬಳ್ಳಾರಿಯ ಜೀನ್ಸ್ ಯೂನಿಟ್ಟುಗಳಲ್ಲಿ ಪಾರ್ಟಿ, ಅಂದರೆ ಆರ್ಡರ್ ಕೊಟ್ಟ ವ್ಯಾಪಾರಿ, ಕಳಿಸಿದ ಟ್ಯಾಗನ್ನು ಯಾರೂ ಓದುವುದಿಲ್ಲ. ಲಾಟ್ ನಂಬರ್, ಸೈಜ್ ರೇಷಿಯೋ, ವಾಶ್ ಶೇಡ್, ಡಿಸ್ಪ್ಯಾಚ್ ತಾರೀಖು, ಇಷ್ಟು ನೋಡಿದರೆ ಮುಗಿಯಿತು. ಹಾಗಾಗಿ ಆ ಲೇಡೀಸ್ ಸ್ಟ್ರೆಚ್ ಲಾಟಿನ ಟ್ಯಾಗ್ ಕಟ್ಟು ಬಿಚ್ಚಿದ್ದು ಫಿನಿಶಿಂಗ್ ಟೇಬಲ್ಲಿನ ಮೇಲೆ, ಲಾರಿ ಗೇಟಿಗೆ ಬಂದು ನಿಂತ ಮೇಲೆ. ಟ್ಯಾಗಿನಲ್ಲಿ ಒಬ್ಬ ಹೆಣ್ಣಿನ ಹಿಂಭಾಗ. ಮೇಲೆ ಸೊಂಟಕ್ಕೆ ಕತ್ತರಿಸಿದ್ದಾರೆ, ಕೆಳಗೆ ಮೊಣಕಾಲಿಗೆ, ಮುಖ ಇಲ್ಲ. ಅದರಡಿ ದಪ್ಪಕ್ಷರದಲ್ಲಿ ‘ಹೊಸ ಮಾಲ್, ಮುಟ್ಟಿ ನೋಡಿ’.

ಪಿನ್ ಹೊಡೆಯಲು ಕೂತಿದ್ದ ಹೆಣ್ಮಕ್ಕಳು ಟ್ಯಾಗ್ ಗನ್ ಕೆಳಗಿಟ್ಟರು. ಚೆಕಿಂಗಿನ ಹುಡುಗನೊಬ್ಬ ಅವರ ಕಡೆ ನೋಡಿಕೊಂಡೇ ಆ ಸಾಲನ್ನು ಗಟ್ಟಿಯಾಗಿ ಓದಿದ. ಸಾಹುಕಾರ್ರು ಒಳಗಿಂದ ಬಂದರು.

“ಮಾಲ್ ಅಂದ್ರ ಮಾಲ್ ಅಲ್ಲೇನ್ರೀ? ದಿನಾ ಮಾಲ್ ಬಂತಾ, ಮಾಲ್ ಹೋತಾ ಅಂತೀವಿ. ಸ್ಟ್ರೆಚ್ ಬಟ್ಟಿ, ಮುಟ್ಟಿ ನೋಡ್ರಿ ಅಂದ್ರ ತಪ್ಪೇನೈತಿ? ಹೊಲಸು ಇರೋದು ನಿಮ್ಮ ತಲ್ಯಾಗ.”

ಈ ಉತ್ತರ ಬಂದೇ ಬರುತ್ತದೆ, ತಯಾರಿರಬೇಕು. ದ್ವಂದ್ವಾರ್ಥದ ಸಾಲು ಬರೆಯುವವನು ತಪ್ಪಿಸಿಕೊಳ್ಳಲು ಬಾಗಿಲು ಇಟ್ಟುಕೊಂಡೇ ಬರೆದಿರುತ್ತಾನೆ. ಆಕ್ಷೇಪ ಎತ್ತಿದ ನಮ್ಮ ಕಡೆಯಿಂದ ಮೊದಲು ಹೊರಟ ಮಾತೂ ಸರಿಯಿರಲಿಲ್ಲ: ‘ಅಶ್ಲೀಲ’, ‘ಮನೆ ಹೆಣ್ಮಕ್ಳು ನೋಡಿದ್ರ ಏನಂತಾರ’. ಅಶ್ಲೀಲಕ್ಕೆ ಒಬ್ಬೊಬ್ಬರದು ಒಂದೊಂದು ಅಳತೆ, ಆ ವಾದ ಸಂಜೆ ತನಕ ಮುಗಿಯುವುದಿಲ್ಲ. ಮನೆ ಹೆಣ್ಮಕ್ಕಳನ್ನು ಎಳೆದು ತಂದರೆ ಎದುರಿಗೆ ಟೇಬಲ್ಲಿನಲ್ಲಿ ಕೂತವರ ಮಾತು ಹಿಂದೆ ಬೀಳುತ್ತದೆ. ಇತ್ತ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ಅತ್ತ ಪಾರ್ಟಿ ಫೋನಿನಲ್ಲಿ ಕೂಗುತ್ತಿದ್ದರು. ಅಷ್ಟು ಹೊತ್ತೂ ವಾದ ಬೆಳೆಯಿತೇ ಹೊರತು ಒಂದು ಟ್ಯಾಗೂ ಕದಲಲಿಲ್ಲ.

ದಾರಿ ಸಿಕ್ಕಿದ್ದು ಚಿತ್ರ ಮತ್ತು ಸಾಲನ್ನು ಬೇರೆ ಮಾಡಿದಾಗ. ಚಿತ್ರವನ್ನು ಕೈಯಿಂದ ಮುಚ್ಚಿ ಸಾಲು ಓದಿ: ಬಟ್ಟೆಯ ಸ್ಯಾಂಪಲ್ ತುಂಡಿನ ಮೇಲೆ ಹಾಕಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಸಾಲು ಮುಚ್ಚಿ ಚಿತ್ರ ನೋಡಿ: ಎಲ್ಲ ಕ್ಯಾಟಲಾಗಿನಲ್ಲೂ ಇರುವಂಥ ಫಿಟ್ ಫೋಟೊ. ಎರಡೂ ಸೇರಿದಾಗ ಮಾತ್ರ ಮುಟ್ಟಬೇಕಾದ ಮಾಲ್ ಪ್ಯಾಂಟಲ್ಲ, ಅದನ್ನು ತೊಟ್ಟವಳು. ಆದ್ದರಿಂದ ಕೇಳಬೇಕಾದ್ದು ಕ್ಷಮೆಯಲ್ಲ, ಎರಡರಲ್ಲಿ ಒಂದನ್ನು ತೆಗೆಯಿರಿ ಅಂತ. ಯಾರೂ ತಪ್ಪೊಪ್ಪಿಕೊಳ್ಳಬೇಕಿಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ, ಕೆಲಸ ಆಗುತ್ತದೆ. ಲಾಟು ಖಾಲಿ ಟ್ಯಾಗಿನ ಮೇಲೆ ಸೈಜು ಮತ್ತು ಎಂಆರ್‌ಪಿ ಸ್ಟಿಕ್ಕರ್ ಅಂಟಿಸಿಕೊಂಡು ಹೋಯಿತು. ಸಾಹುಕಾರ್ರ ಮುಖ ವಾರವಿಡೀ ಸಪ್ಪಗಿತ್ತು, ಅದು ಬೇರೆ ಮಾತು.

ಮಾಲಿನ ಹೆಸರೇ ಪೋಲಿಯಾಗಿದ್ದರೆ ಇನ್ನೊಂದು ಪರೀಕ್ಷೆಯೂ ಉಪಯೋಗಕ್ಕೆ ಬರುತ್ತದೆ. ಆ ಹೆಸರನ್ನು ಅಂಗಡಿ ಕೌಂಟರಿನ ಹುಡುಗಿ ಗಂಡು ಗಿರಾಕಿಗೆ ಬಾಯಿಬಿಟ್ಟು ಹೇಳಬೇಕು: “ಅಣ್ಣಾ, ನಿಮಗ ಇದರಾಗ ಯಾವ ಸೈಜ್ ಬೇಕ್ರಿ?” ಹೆಸರು ನುಂಗಿ ಬರೀ ಲಾಟ್ ನಂಬರ್ ಹೇಳುತ್ತಾಳೆ ಅಂದರೆ ಆ ಹೆಸರು ವ್ಯಾಪಾರಕ್ಕೂ ದಂಡ. ಸಾಹುಕಾರ್ರಿಗೆ ಈ ಲೆಕ್ಕ ಬೇಗ ಹತ್ತುತ್ತದೆ.

ನಮ್ಮ ಪುಣ್ಯಕ್ಕೆ ಅದು ಟ್ಯಾಗ್ ಮಾತ್ರ ಆಗಿತ್ತು. ಪಿನ್ ಕತ್ತರಿಸಿದರೆ ಟ್ಯಾಗ್ ಬರುತ್ತದೆ, ಪಾಲಿಬ್ಯಾಗ್ ಬದಲಿಸಬಹುದು, ಕಾರ್ಟನ್ ಮೇಲೆ ಕಾಗದ ಅಂಟಿಸಬಹುದು. ಮೇನ್ ಲೇಬಲ್ ಆಗಿದ್ದರೆ ಪಟ್ಟಿಯ ಹೊಲಿಗೆ ಬಿಚ್ಚಿ ಮತ್ತೆ ಹಾಕಬೇಕು. ಹಿಂದೆ ಸೊಂಟದ ಪಟ್ಟಿಯ ಮೇಲೆ ಹೊಲಿಯುವ ಹೆಸರಿನ ತುಂಡು, ಪ್ಯಾಚ್, ಇನ್ನೂ ಕೆಟ್ಟದ್ದು. ವಾಶ್‌ಗೆ ಮೊದಲೇ ಹೊಲಿದಿದ್ದರೆ ಅದರಡಿಯ ಇಂಡಿಗೋ ಮಾಸಿರುವುದಿಲ್ಲ; ಕಿತ್ತ ಜಾಗದಲ್ಲಿ ಗಾಢ ನೀಲಿಯ ಚೌಕ ಉಳಿಯುತ್ತದೆ, ಸುತ್ತ ಸೂಜಿಯ ತೂತು. ಮುಚ್ಚಬೇಕಂದರೆ ಅದಕ್ಕಿಂತ ದೊಡ್ಡ ಪ್ಯಾಚೇ ಹಾಕಬೇಕು. ಬಟನ್, ರಿವೆಟ್ ಮೇಲೆ ಒತ್ತಿದ ಹೆಸರಂತೂ ಪೀಸಿನ ಜೊತೆಗೇ ಹೋಗುತ್ತದೆ. ಆಕ್ಷೇಪ ಎತ್ತುವ ಜಾಗ ಆರ್ಟ್‌ವರ್ಕ್ ಪ್ರೂಫ್, ಅಂದರೆ ಒಪ್ಪಿಗೆಗೆ ಬರುವ ವಿನ್ಯಾಸದ ನಮೂನೆ, ಅಚ್ಚು ಮಾಡಲು ಕೊಡುವ ಮುಂಚೆ. ಪ್ರೂಫಿಗೆ ಈಗ ಇಬ್ಬರ ಸಹಿ ಬೇಕು, ಒಬ್ಬರು ಫಿನಿಶಿಂಗ್ ಟೇಬಲ್ಲಿನವರೇ ಆಗಿರಬೇಕು ಅಂತ ಹಟ ಹಿಡಿದು ಮಾಡಿಸಿದ್ದೇವೆ.

“ಪಾರ್ಟಿ ಪ್ರಿಂಟ್ ಮಾಡಿದ್ದು, ನಮಗೇನು? ನಮ್ಮದು ಬರೀ ಕೂಲಿ ಹೊಲಿಗೆ, ಜಾಬ್ ವರ್ಕ್” ಅನ್ನುವವರಿಗೆ ಕಾನೂನು ತೋರಿಸಬೇಕು. ಮಹಿಳೆಯರ ಅಸಭ್ಯ ನಿರೂಪಣೆ ನಿಷೇಧ ಕಾಯ್ದೆ 1986ರದು. ಅದರಲ್ಲಿ ಜಾಹೀರಾತು ಅಂದರೆ ಪೇಪರ್, ಟಿವಿ ಮಾತ್ರ ಅಲ್ಲ, ಲೇಬಲ್ ಮತ್ತು ರ‍್ಯಾಪರ್ ಕೂಡ ಸೇರಿವೆ. 3ನೇ ಕಲಮು ಪ್ರಕಟಿಸುವವರನ್ನಷ್ಟೇ ಅಲ್ಲ, ಪ್ರಕಟಣೆಯಲ್ಲಿ ಭಾಗಿಯಾಗುವವರನ್ನೂ ಹಿಡಿಯುತ್ತದೆ. ಮೊದಲ ಸಲ ಶಿಕ್ಷೆಯಾದರೆ 2 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಆದರೆ ಕಾಯ್ದೆಯ ಒತ್ತು ಹೆಣ್ಣಿನ ಆಕಾರ, ದೇಹದ ಚಿತ್ರಣದ ಮೇಲೆ. ಚಿತ್ರವಿಲ್ಲದ ಬರೀ ಪೋಲಿ ಹೆಸರಿಗೆ ಅದರ ಹಿಡಿತ ಸಡಿಲ.

ಅಲ್ಲಿ ಆಸ್ಕಿ ಉಪಯೋಗಕ್ಕೆ ಬರುತ್ತದೆ. 1985ರಲ್ಲಿ ಶುರುವಾದ ಈ ಜಾಹೀರಾತು ಮಾನಕ ಮಂಡಳಿ 2022ರ ಜೂನ್‌ನಲ್ಲಿ ಲಿಂಗ ಪಡಿಯಚ್ಚುಗಳ ಬಗ್ಗೆ ಮಾರ್ಗಸೂಚಿ ತಂದಿತು; ವಸ್ತುವಿಗೆ ಸಂಬಂಧವೇ ಇಲ್ಲದ ಕಡೆ ಜನರನ್ನು ಕಾಮದ ಸರಕಿನಂತೆ ತೋರಿಸುವ ಚಿತ್ರ, ಭಾಷೆ ಎರಡೂ ಅದರಲ್ಲಿ ಬರುತ್ತವೆ. ಅದೇ ತಿಂಗಳು ಲೇಯರ್ ಶಾಟ್ ಡಿಯೋಡರೆಂಟಿನ ಜಾಹೀರಾತು ಗದ್ದಲವೆಬ್ಬಿಸಿತು. ‘ಶಾಟ್’ ಅನ್ನುವ ಹೆಸರಿನ ಮೇಲೇ ಕಟ್ಟಿದ ಪೋಲಿ ಮಾತು ಅದು; ಕೇಂದ್ರ ವಾರ್ತಾ ಇಲಾಖೆ ಯೂಟ್ಯೂಬ್, ಟ್ವಿಟರ್‌ನಿಂದ ತೆಗೆಸಿತು. ಆಸ್ಕಿಗೆ ಗಿರಾಕಿ ದೂರು ಕೊಡಲು ದುಡ್ಡಿಲ್ಲ. ಅದು ದಂಡ ಹಾಕುವುದಿಲ್ಲ, ತಿದ್ದಿ ಇಲ್ಲವೇ ಹಿಂತೆಗೆಯಿರಿ ಅನ್ನುತ್ತದೆ. ದೂರಿನ ಜೊತೆ ಟ್ಯಾಗಿನ ಎರಡೂ ಬದಿಯ ಫೋಟೊ, ಸಿಕ್ಕ ಜಾಗ, ತಾರೀಖು ಇರಲಿ. ‘ಕೆಟ್ಟದಾಗಿದೆ’ ಅಂತ ಬರೆದು ಬಿಡಬೇಡಿ. ಚಿತ್ರ ಮತ್ತು ಸಾಲು ಸೇರಿ ಏನು ಹೇಳುತ್ತವೆ ಅಂತ ಬಿಡಿಸಿ ಬರೆಯಿರಿ.

ಹೆಸರನ್ನೇ ಬ್ರ್ಯಾಂಡಾಗಿ ನೋಂದಾಯಿಸಲು ಹೊರಟರೆ ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ 9(2)(ಸಿ) ಅಶ್ಲೀಲ ಮಾರ್ಕನ್ನು ತಡೆಯುತ್ತದೆ. ಜರ್ನಲ್‌ನಲ್ಲಿ ಪ್ರಕಟವಾದ 4 ತಿಂಗಳೊಳಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು; ಬಟ್ಟೆಯದು 25ನೇ ಕ್ಲಾಸ್.

ಟೇಬಲ್ಲಿನಲ್ಲಿ ಸಾಲು ಓದಿದ ಹುಡುಗನದು ಬೇರೆ ಕೇಸು. 2013ರ ಲೈಂಗಿಕ ಕಿರುಕುಳ ಕಾಯ್ದೆಯಲ್ಲಿ ಲೈಂಗಿಕ ಬಣ್ಣದ ಮಾತೂ ಕಿರುಕುಳವೇ. 10 ಅಥವಾ ಹೆಚ್ಚು ಜನ ಇರುವ ಯೂನಿಟ್ಟಿಗೆ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಚಿಕ್ಕದಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ‘ಟ್ಯಾಗಿನಾಗ ಇದ್ದದ್ದು ಓದಿದ್ನಿ’ ಅನ್ನುವುದು ಯಾರ ಮುಖ ನೋಡಿ ಓದಿದ ಅನ್ನುವುದಕ್ಕೆ ಉತ್ತರವಲ್ಲ.

ಇನ್ನು ಮಾಲಿನ ಹೆಸರು ಬದಲಿಸಿದ ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರಿನ ಗೋಳು. ಹಳೆಯ ಐಟಂ ಹೆಸರನ್ನು ಅಲ್ಲೇ ತಿದ್ದಬೇಡಿ. ಕೆಲವು ಸಾಫ್ಟ್‌ವೇರುಗಳಲ್ಲಿ ಹಿಂದಿನ ಬಿಲ್ಲುಗಳಲ್ಲೂ ಹೆಸರು ಬದಲಾಗಿ, ಪಾರ್ಟಿ ಹತ್ತಿರ ಇರುವ ಪ್ರಿಂಟಿಗೆ ತಾಳೆಯಾಗುವುದಿಲ್ಲ. ಹೊಸ ಐಟಂ ತೆರೆದು ಉಳಿದ ಸ್ಟಾಕನ್ನು ಅದಕ್ಕೆ ವರ್ಗಾಯಿಸಿ, ಎಚ್‌ಎಸ್‌ಎನ್ (ಜಿಎಸ್‌ಟಿ ಬಿಲ್ಲಿನ ಸರಕಿನ ಕೋಡ್) ಅದೇ 6204. ವಾಟ್ಸಾಪ್ ಕ್ಯಾಟಲಾಗಿನ ಹಳೆಯ ಫೋಟೊ ಅಳಿಸಿದರೂ ರೀಸೇಲರ್‌ಗಳ ಫೋನಿನಲ್ಲಿ ಇದ್ದೇ ಇರುತ್ತದೆ. ಅದೇ ಲಾಟ್ ನಂಬರಿನಲ್ಲಿ ಹೊಸ ಫೋಟೊ ಕಳಿಸಿ, ಹಳೆಯದು ತೋರಿಸಿ ತಗೊಂಡ ಆರ್ಡರ್ ಹಿಡಿಯುವುದಿಲ್ಲ ಅಂತ ಬರವಣಿಗೆಯಲ್ಲಿ ಹೇಳಿಬಿಡಿ.