ಮ್ಯಾಚಿಂಗ್ ಬರೋಬರಿ ಐತಿ

ನಮ್ಮಪ್ಪ ಗದಗಿನ್ಯಾಗ ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್‌ನ್ಯಾಗ ಮಷಿನ್ ಮ್ಯಾಲೆ ನಿಂತು ದುಡದಾರ. ಜಾತ್ರಿ ಬಂತಂದ್ರ ನಾಟಕ ಕಂಪನಿ ಪೋಸ್ಟರ್ ರಾಶಿ ರಾಶಿ ಬರ್ತಿದ್ವು. ಹಂಗಾಗಿ ಈಗೂ ಏನರ ಪೋಸ್ಟರ್ ಕೈಗೆ ಕೊಟ್ರ ಚಿತ್ರ ನೋಡೂದಿಲ್ಲ, ಮೊದಲ ಅಂಚು ನೋಡ್ತಾರ, ಕೆಂಪು ಗೆರಿ ದಾಟೇತೇನು ಹಳದಿ ಸರದೇತೇನು ಅಂತ. ಬಣ್ಣದ ಮ್ಯಾಲೆ ಬಣ್ಣ ಸರಿಯಾಗಿ ಕುಂದ್ರೂದಕ್ಕ ಅವರು ಮ್ಯಾಚಿಂಗ್ ಅಂತಾರ.

ಹೋದ ಐತವಾರ ಮೊಬೈಲ್‌ನ್ಯಾಗ ಜಪಾನಿನ ಕಬುಕಿ ನಾಟಕದ ನಟರ ಚಿತ್ರ ತೋರ್ಸಿದೆ. ಶರಾಕು ಅನ್ನೋ ಕಲಾವಿದ 1794ರಾಗ ಮಾಡಿದ್ದು, ಓತಾನಿ ಒನಿಜಿ ಅನ್ನೋ ನಟ ಖಳನ ಪಾರ್ಟ್‌ನ್ಯಾಗ ಎರಡೂ ಕೈಬೆರಳು ಅಗಲಿಸಿ ಕಣ್ಣು ಕೆಕ್ಕರಿಸಿ ರೊಕ್ಕ ಕಸಗೊಳ್ಳಾಕ ಬರಾಕತ್ತಾನ, ಹಿಂದ ಕಾಗೆಬಂಗಾರದ ಪುಡಿ ಹಾಕಿದ ಮಿಂಚೋ ಕಪ್ಪು. ಅಪ್ಪ ಎರಡು ಬೆರಳ್ಲೆ ದೊಡ್ಡದು ಮಾಡಿ ಮಾಡಿ ನೋಡಿ "ಮ್ಯಾಚಿಂಗ್ ಬರೋಬರಿ ಐತಲ್ಲೋ, ಯಾವ ಮಷಿನ್ನು?" ಅಂದ್ರು. ಮಷಿನ್ ಇಲ್ಲಪಾ, ಕಟಗಿ, ಕೈ ಅಷ್ಟ ಅಂದೆ. ನಂಬಲಿಲ್ಲ.

ಆಮ್ಯಾಲೆ ಓದಿದ್ದೆಲ್ಲಾ ಹೇಳಿದೆ. ಕಲಾವಿದ ತೆಳ್ಳನ ಕಾಗದದಾಗ ಬರದು ಕೊಡ್ತಾನ, ಅದನ್ನ ಕಾಡು ಚೆರ್ರಿ ಮರದ ಹಲಗಿಗೆ ಬೋರಲಾಗಿ ಅಂಟಿಸಿ ಕೆತ್ತತಾರ, ಅಂದ್ರ ಅಸಲಿ ಚಿತ್ರ ಅಲ್ಲೇ ಖಲಾಸ್. ಒಂದೊಂದು ಬಣ್ಣಕ್ಕ ಒಂದೊಂದು ಹಲಗಿ. ಪ್ರತಿ ಹಲಗಿಗೂ ಒಂದು ಮೂಲ್ಯಾಗ ಎಲ್ ಆಕಾರದ ಕಚ್ಚು, ಬಾಜೂಕ ಇನ್ನೊಂದು ನೆಟ್ಟಗಿನ ಕಚ್ಚು, ಕಾಗದ ಅದಕ್ಕ ತಾಗಿಸಿ ಇಟ್ಟು ಹಿಂದಿನಿಂದ ಬಿದಿರಿನ ಸಿಪ್ಪಿ ಸುತ್ತಿದ ಬಿಲ್ಲೆಲೆ ತಿಕ್ಕೂದು. ಆ ಕಚ್ಚಿಗೆ ಕೆಂತೊ ಅಂತಾರ, ಅದರಿಂದ ಪ್ರತಿ ಬಣ್ಣ ತನ್ನ ಜಾಗಾದಾಗ ಬೀಳ್ತೈತಿ. ಕಚ್ಚಿನ ಮಾತು ಕೇಳಿದ್ದ ತಡ ಅಪ್ಪ ಎದ್ದು ಕುಂತ್ರು, "ನಾವು ಪಿನ್ ಚುಚ್ಚತಿದ್ವಿ, ಅವರು ಕಟಗ್ಯಾಗ ಕಡದಾರ!"

ನನಗ ಅದಕಿಂತ ಹಿಡಿಸಿದ್ದು ಹೆಣ್ಣಿನ ಪಾರ್ಟಿನ ಚಿತ್ರ. 1629ರಾಗ ಹೆಂಗಸರಿಗೆ ಕಬುಕಿ ಬಂದ್ ಮಾಡಿದ್ರು, ಮುಂದ ಗಂಡಸರ ಸೀರಿ ಅಲ್ಲ ಕಿಮೋನೊ ಉಟ್ರು ಅನ್ರಿ. ನಮ್ಮ ಕಡೆ ಬಾಲಗಂಧರ್ವರ ಫೋಟೋ ನೋಡಿದ್ರ ಗಂಡಸು ಅನ್ನೂದ ಮರತು ಹೋಗ್ತೈತಿ. ಶರಾಕು ಮಾತ್ರ ಸೆಗಾವಾ ತೊಮಿಸಾಬುರೊನ ಹೆಣ್ಣುವೇಷ ಬರಿಯೂವಾಗ ಗಂಡಸಿನ ದವಡಿ ಮೂಗು ಇದ್ದಂಗ ಇಟ್ಟುಬಿಟ್ಟ. ಅಭಿಮಾನಿಗಳು ಯಾಕ ತಗೋತಾರ್ರಿ? ನಮ್ಮೂರಾಗಾದ್ರ ಕಂಪನಿ ಮಾಲಕರು ಪ್ರೂಫ್ ಹರದು ಮುಖಕ್ಕ ಒಗೀತಿದ್ರು! ಸುಮಾರು ಹತ್ತು ತಿಂಗಳಾಗ ನೂರಾ ನಲವತ್ತರ ಮ್ಯಾಲೆ ಚಿತ್ರ ಮಾಡಿ ಆ ಮನಶಾ ಮಾಯ ಆದ, ಯಾರು ಅಂತ ಇನ್ನೂ ವಾದ ನಡದೈತಿ.

ಅಪ್ಪಗ ಅದರ ಚಿಂತಿ ಇಲ್ಲ. ಚಿತ್ರದ ಕೆಳಗ ಮ್ಯಾಲೆ ಹುಡಕಾಕತ್ತಿದ್ರು, ಏನಪಾ ಅಂದ್ರ "ಪ್ರೆಸ್ಸಿನ ಹೆಸರು." ಒಂದು ಗುಡ್ಡ, ಅದರ ಕೆಳಗ ಬಳ್ಳಿ ಎಲಿ ಇದ್ದ ಸಣ್ಣ ಗುರುತು ತೋರ್ಸಿದೆ, ತ್ಸುತಾಯಾ ಜುಜಾಬುರೊ ಅನ್ನೋ ಪ್ರಕಾಶಕಂದು.

"ಇದು ಮಾಲಕಂದಾತು. ಒತ್ತಿದಾಂವಂದು?"

ಇಲ್ಲಪಾ, ಕೆತ್ತಿದಾಂವಂದೂ ಇಲ್ಲ.

"ಹೂಂ" ಅಂದು ಮತ್ತ ಅಂಚು ನೋಡಿದ್ರು. ಸ್ವಲ್ಪ ಹೊತ್ತಾದ ಮ್ಯಾಲೆ ಫೋನ್ ವಾಪಸ್ ಕೊಟ್ಟು, ಇದನ್ನೊಂದು ಹದಿನೈದು ಇಂಚಿಗೆ ಹಾಕಿಸ್ಕೊಂಡು ಬಾ, ಅಂಚು ಕಟ್ ಮಾಡಬ್ಯಾಡ ಅಂತ ಹೇಳು ಅಂದ್ರು.