ಬಾಕ್ಸ್‌ಸ್ಟರ್‌ಗೆ ದೊಡ್ಡ ಡಿಸ್ಕ್ ಬೇಕೇ, ಹೊಸ ಬ್ರೇಕ್ ಆಯಿಲ್ ಸಾಕೇ?

ಶಿರಸಿಯ ನಮ್ಮ ಮನೆಯಲ್ಲಿರುವ ಪೋರ್ಶೆ ಬಾಕ್ಸ್‌ಸ್ಟರ್‌ಗೆ ದೊಡ್ಡ ಡಿಸ್ಕ್‌ಗಳಿರುವ ಬ್ರೇಕ್ ಕಿಟ್ ಹಾಕಿಸಬೇಕೇ ಬೇಡವೇ ಎಂಬ ಪ್ರಶ್ನೆ ಕಳೆದ ಬೇಸಿಗೆಯಿಂದ ನನ್ನ ಮುಂದಿತ್ತು. ಇದು 987 ಮಾದರಿಯ, 2.7 ಲೀಟರ್ ಎಂಜಿನ್ನಿನ, 5 ಗೇರಿನ ಟಿಪ್‌ಟ್ರಾನಿಕ್ ಕಾರು, ಅಂದರೆ ಗೇರನ್ನು ತಾನೇ ಬದಲಿಸುತ್ತದೆ, ಬೇಕೆಂದರೆ ಚಾಲಕನೂ ಬದಲಿಸಬಹುದು. ಎರಡೇ ಸೀಟು, ಒಂದು ಅಡಿಕೆ ಮೂಟೆಗೂ ಜಾಗವಿಲ್ಲವೆಂದು ಮನೆಯವರ ದೂರು. ಕಾರ್ಖಾನೆಯಿಂದ ಬಂದಂತೆ ಮುಂದೆ 298 ಮಿಲಿಮೀಟರ್ ವ್ಯಾಸದ, 24 ಮಿಲಿಮೀಟರ್ ದಪ್ಪದ ಡಿಸ್ಕ್‌ಗಳೂ ಹಿಂದೆ 299 ಮಿಲಿಮೀಟರ್ ವ್ಯಾಸದ, 20 ಮಿಲಿಮೀಟರ್ ದಪ್ಪದ ಡಿಸ್ಕ್‌ಗಳೂ ಇವೆ. ನಾಲ್ಕೂ ಚಕ್ರಗಳಿಗೆ ನಾಲ್ಕು ಪಿಸ್ಟನ್ನಿನ ಅಲ್ಯೂಮಿನಿಯಂ ಕ್ಯಾಲಿಪರ್‌ಗಳು, ಅಂದರೆ ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಹಿಡಿಕೆಗಳು. ಇದರ ಅಣ್ಣನಾದ ಎಸ್ ಮಾದರಿಯಲ್ಲಿ ಮುಂದಿನ ಡಿಸ್ಕ್ 318 ಮಿಲಿಮೀಟರ್, ಕ್ಯಾಲಿಪರ್ ಕೆಂಪು. ಆ ಕೆಂಪು ಬಣ್ಣದ ಆಕರ್ಷಣೆ ಈ ಚರ್ಚೆಯಲ್ಲಿ ಎಷ್ಟು ಪಾಲು ಪಡೆದಿತ್ತು ಎಂಬುದನ್ನು ಲೆಕ್ಕದಿಂದ ಹೊರಗಿಡುತ್ತೇನೆ.

ಪ್ರಶ್ನೆ ಹುಟ್ಟಿದ್ದು ದೇವಿಮನೆ ಘಟ್ಟದಲ್ಲಿ. ಕಾರವಾರಕ್ಕೆ ಹೋಗುವಾಗ ನಾನು ಶಿರಸಿಯಿಂದ ಕುಮಟಾ ರಸ್ತೆ ಹಿಡಿದು, ಕರಾವಳಿಯ ಹೆದ್ದಾರಿ ಸೇರಿ, ಅಂಕೋಲೆಯ ಮೇಲೆ ಹೋಗುತ್ತೇನೆ. ಘಟ್ಟ ಇಳಿದು ಕತಗಾಲದ ಕಡೆ ಬರುವಷ್ಟರಲ್ಲಿ ಪೆಡಲ್ ಮೊದಲಿಗಿಂತ ಒಳಗೆ ಹೋಗುತ್ತಿತ್ತು. ವಿಚಿತ್ರವೆಂದರೆ, ಇಳಿಯುತ್ತಿರುವಾಗ ಸರಿಯಾಗಿಯೇ ಇದ್ದ ಪೆಡಲ್, ಕೆಳಗೆ ಚಹಾಕ್ಕೆಂದು ನಿಲ್ಲಿಸಿ ಮತ್ತೆ ಹೊರಟಾಗ ಹೆಚ್ಚು ಮೆತ್ತಗಾಗಿರುತ್ತಿತ್ತು.

ಈ ಒಂದು ಲಕ್ಷಣವೇ ಅರ್ಧ ಉತ್ತರವನ್ನು ಹೇಳುತ್ತದೆ. ಬ್ರೇಕ್ ಸೋಲುವುದು ಎರಡು ಬಗೆಯಲ್ಲಿ. ಪ್ಯಾಡ್ ತನ್ನ ತಾಳಿಕೆಯನ್ನು ಮೀರಿ ಕಾದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ಮಾತ್ರ ನಿಲ್ಲುವುದಿಲ್ಲ. ಸುಟ್ಟ ವಾಸನೆಯೂ ಬರುತ್ತದೆ. ಬ್ರೇಕ್ ಆಯಿಲ್ ಕುದಿದರೆ ಹಾಗಲ್ಲ: ಕ್ಯಾಲಿಪರ್ ಒಳಗೆ ಆವಿಯ ಗುಳ್ಳೆಗಳು ಏಳುತ್ತವೆ, ದ್ರವದಂತೆ ಒತ್ತಡವನ್ನು ಮುಂದಕ್ಕೆ ದಾಟಿಸದೆ ಆವಿ ಕುಗ್ಗುತ್ತದೆ, ಪೆಡಲ್ ಒಳಗಿಳಿಯುತ್ತದೆ. ಕಾರು ಓಡುತ್ತಿರುವಾಗ ಗಾಳಿ ಡಿಸ್ಕನ್ನು ತಂಪಾಗಿಸುತ್ತಿರುತ್ತದೆ. ನಿಲ್ಲಿಸಿದೊಡನೆ ಆ ಗಾಳಿ ನಿಂತು, ಡಿಸ್ಕ್ ಮತ್ತು ಪ್ಯಾಡ್‌ನಲ್ಲಿ ಉಳಿದ ಶಾಖ ಪಿಸ್ಟನ್ನುಗಳ ಮೂಲಕ ಆಯಿಲ್‌ಗೆ ಏರುತ್ತದೆ. ಚಹಾದ ನಂತರ ಪೆಡಲ್ ಕೆಡುವುದು ಆದ್ದರಿಂದ. ನನ್ನ ಕಾರಿನಲ್ಲಿ ಪೆಡಲ್ ಗಟ್ಟಿಯಾಗಿದ್ದು ಹಿಡಿತ ಮಾತ್ರ ಹೋದದ್ದು ಒಮ್ಮೆಯೂ ಇಲ್ಲ.

ಆದರೂ ಡಿಸ್ಕ್‌ನ ಸಾಮರ್ಥ್ಯವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದೆನಿಸಿತು. ಜನ, ಪೆಟ್ರೋಲು ಸೇರಿ ಕಾರಿನ ತೂಕ 1500 ಕೆಜಿ ಎಂದೂ ಘಟ್ಟದಲ್ಲಿ ಇಳಿಯುವ ಎತ್ತರ 500 ಮೀಟರ್ ಎಂದೂ ಹಿಡಿದರೆ, ಕಳೆಯಬೇಕಾದ ಶಕ್ತಿ ಸುಮಾರು 7.4 ಮೆಗಾಜೂಲ್ ಆಗುತ್ತದೆ. ಇದೇ ಕಾರನ್ನು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಲು ಸುಮಾರು 0.58 ಮೆಗಾಜೂಲ್ ಸಾಕು. ಅಂದರೆ ನ್ಯೂಟ್ರಲ್‌ನಲ್ಲಿ ಬರೀ ಬ್ರೇಕ್ ನಂಬಿ ಘಟ್ಟ ಇಳಿಸಿದರೆ, ನೂರರ ವೇಗದಿಂದ ಹನ್ನೆರಡು ಹದಿಮೂರು ಸಲ ಸತತವಾಗಿ ನಿಲ್ಲಿಸಿದಷ್ಟು ಶಾಖ. ನಾಲ್ಕೂ ಡಿಸ್ಕ್‌ಗಳ ಒಟ್ಟು ತೂಕ 25 ಕೆಜಿ ಎಂದಿಟ್ಟುಕೊಂಡರೆ ಒಂದು ನಿಲುಗಡೆಗೆ ಅವು ಸರಾಸರಿ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುತ್ತವೆ. ತಂಪಾಗಲು ಬಿಡದೆ ಅಷ್ಟನ್ನೂ ತುಂಬಿದರೆ 600 ಡಿಗ್ರಿ ದಾಟುತ್ತದೆ. ವಾಸ್ತವದಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಟಯರ್‌ಗಳ ಉರುಳುವಿಕೆ, ಗಾಳಿ ಮತ್ತು ಎಂಜಿನ್ ಆ ಶಕ್ತಿಯ ದೊಡ್ಡ ಪಾಲನ್ನು ತಿಂದುಹಾಕುತ್ತವೆ, ಡಿಸ್ಕ್ ಕೂಡ ಉದ್ದಕ್ಕೂ ತಂಪಾಗುತ್ತಿರುತ್ತದೆ. ಆದರೆ ಎಂಜಿನ್ ಆ ಪಾಲನ್ನು ತೆಗೆದುಕೊಳ್ಳಬೇಕಾದರೆ ಚಾಲಕ ಗೇರ್ ಇಳಿಸಬೇಕು. ಟಿಪ್‌ಟ್ರಾನಿಕ್ ಕಾರನ್ನು ‘ಡಿ’ಯಲ್ಲೇ, ಅಂದರೆ ಗೇರನ್ನು ಕಾರೇ ಆರಿಸುವ ಸ್ಥಾನದಲ್ಲೇ ಬಿಟ್ಟರೆ ಅದು ಇಳಿಜಾರಿನಲ್ಲಿ ಮೇಲಿನ ಗೇರ್ ಹುಡುಕುತ್ತದೆ. ಅರಬೈಲ್ ಘಟ್ಟದಲ್ಲಿ ಲಾರಿಗಳನ್ನು ಇಳಿಸುವವರಿಗೆ ಇದನ್ನು ಯಾರೂ ಲೆಕ್ಕ ಬರೆದು ಕಲಿಸಿಲ್ಲ.

ಇನ್ನು ಅಳತೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಸುಲಭದ ಸಾಧನವಾದರೂ ಉಜ್ಜಿ ಹೊಳೆಯುವ ಲೋಹದ ಮೇಲೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಆದುದರಿಂದ ಅದನ್ನು ಹೋಲಿಕೆಗೆ ಮಾತ್ರ ಬಳಸಿದೆ: ‘ಡಿ’ಯಲ್ಲಿ ಇಳಿಸಿದಾಗಿನ ಸಂಖ್ಯೆಗೂ ಎರಡನೆಯ ಗೇರಿನಲ್ಲಿ ಇಳಿಸಿದಾಗಿನ ಸಂಖ್ಯೆಗೂ ಇದ್ದ ಅಂತರ ಕಣ್ಣಿಗೆ ಹೊಡೆಯುವಂತಿತ್ತು. ನಂಬಬಹುದಾದ ಸಾಕ್ಷಿಗಾಗಿ ಡಿಸ್ಕ್‌ನ ಹೊರ ಅಂಚಿಗೆ ಶಾಖಸೂಚಕ ಬಣ್ಣದ ಮೂರು ಗೆರೆಗಳನ್ನು ಎಳೆದೆ. ಹಸಿರು 430 ಡಿಗ್ರಿಯಲ್ಲಿ, ಕಿತ್ತಳೆ 560ರಲ್ಲಿ, ಕೆಂಪು 610ರಲ್ಲಿ ಬಣ್ಣ ಬದಲಿಸುತ್ತವೆ. ಬೇಕೆಂದೇ ‘ಡಿ’ಯಲ್ಲಿ, ಬೇಕೆಂದೇ ಬ್ರೇಕ್ ಎಳೆದುಕೊಂಡು ಘಟ್ಟ ಇಳಿಸಿ ಕೆಳಗೆ ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಹಸಿರು ಹಸಿರಾಗಿಯೇ ಇತ್ತು. ಡಿಸ್ಕ್ 430ನ್ನು ಮುಟ್ಟಿಲ್ಲವೆಂದ ಮೇಲೆ, ಇನ್ನೂ ದೊಡ್ಡ ಡಿಸ್ಕ್ ಹಾಕಿ ನಾನು ಯಾವ ಶಾಖವನ್ನು ತಡೆಯಲು ಹೊರಟಿದ್ದೆ?

ಆಯಿಲ್‌ನ ಸ್ಥಿತಿ ಬೇರೆಯೇ ಆಗಿತ್ತು. ಕ್ಯಾಲಿಪರ್‌ನಿಂದ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ ಪಾರದರ್ಶಕ ಕೊಳವೆಯಲ್ಲಿ ಮೊದಲು ಹೊರಗೆ ಬಂದದ್ದು ಕಷಾಯದ ಬಣ್ಣದ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರಿನಂಶ ಶೇಕಡಾ 3.7ರಷ್ಟಾದಾಗ ಅದೇ ಆಯಿಲ್‌ಗೆ ನಿಗದಿಯಾದ ಕನಿಷ್ಠ ಮಿತಿ 155 ಡಿಗ್ರಿ. ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸುವುದು ಮೊದಲ ಸಂಖ್ಯೆಯನ್ನು. ನಮ್ಮ ಊರಿಗೆ ಅನ್ವಯಿಸುವುದು ಎರಡನೆಯದು. ಈ ಆಯಿಲ್ ನೀರನ್ನು ಹೀರುವ ಗುಣದ್ದು, ರಬ್ಬರ್ ಹೋಸಿನ ಮೂಲಕವೂ ತೇವ ಒಳಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲ ಮರವೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಶಿರಸಿಯಲ್ಲಿ ಪೋರ್ಶೆ ಹೇಳುವ ಎರಡು ವರ್ಷದ ಗಡುವನ್ನು ನಾನು ಒಂದಕ್ಕೆ ಇಳಿಸಿದ್ದೇನೆ. ಬದಲಾಯಿಸುವ ಕಾಲ ದಸರೆಯ ನಂತರ, ಮಳೆ ಹಿಂದಾದ ಮೇಲೆ. ರೇಸಿನ ಆಯಿಲ್‌ಗಳ ಕುದಿಬಿಂದು 300 ಡಿಗ್ರಿಯನ್ನೂ ದಾಟುತ್ತದೆ, ಆದರೆ ಪದೇ ಪದೇ ಬದಲಾಯಿಸುವವರಿಗೆ ಮಾತ್ರ ಅವು ಸರಿ. ನಾನು ಡಾಟ್ 5.1 ತುಂಬಿಸಿದೆ, ಅದರ ಮಿತಿಗಳು 260 ಮತ್ತು 180. ಹೆಸರು ಹತ್ತಿರವಿದ್ದರೂ ಸಿಲಿಕೋನ್ ಆಧಾರಿತ ಡಾಟ್ 5 ಬೇರೆಯೇ ವಸ್ತು, ಈ ಕಾರಿಗೆ ಅದು ಸಲ್ಲದು. ಪ್ರತಿ ಕ್ಯಾಲಿಪರ್‌ಗೆ ಎರಡೆರಡು ನಿಪ್ಪಲ್‌ಗಳಿದ್ದು, ಎಂಟರಲ್ಲಿಯೂ ತಿಳಿ ಆಯಿಲ್ ಬರುವವರೆಗೆ ಏರ್ ತೆಗೆಯಬೇಕು. ಹೊರಗಿನದನ್ನು ಮಾತ್ರ ತೆಗೆದು ಮುಗಿಸುವ ಗ್ಯಾರೇಜುಗಳ ಬಗ್ಗೆ ಎಚ್ಚರವಿರಲಿ.

ಚಕ್ರ ಬಿಚ್ಚಿದಾಗ ಇನ್ನೊಂದು ಸಂಗತಿ ಕಂಡಿತು. ಈ ಡಿಸ್ಕ್‌ಗಳಿಗೆ ಅಡ್ಡಲಾಗಿ ರಂಧ್ರಗಳಿವೆ. ಮಳೆನೀರಿನ ಪದರವೂ ಪ್ಯಾಡ್‌ನ ಪುಡಿಯೂ ಅಲ್ಲಿಂದ ಸರಿದುಹೋಗಬೇಕು. ಹಿಂದಿನ ಡಿಸ್ಕ್‌ಗಳಲ್ಲಿ ಅರ್ಧದಷ್ಟು ರಂಧ್ರಗಳು ನಮ್ಮ ಕೆಂಪು ಮಣ್ಣು ಮತ್ತು ಪ್ಯಾಡ್ ಪುಡಿ ಸೇರಿ ಗಟ್ಟಿಯಾಗಿ ಮುಚ್ಚಿಹೋಗಿದ್ದವು. ಡ್ರಿಲ್ ಬಿಟ್ಟನ್ನು ಯಂತ್ರಕ್ಕೆ ಸಿಕ್ಕಿಸದೆ ಬೆರಳಿನಲ್ಲೇ ತಿರುಗಿಸಿ ಒಂದೊಂದನ್ನೂ ತೆರೆದೆ. ರಂಧ್ರದ ಸುತ್ತ ಕೂದಲೆಳೆಯಂಥ ಬಿರುಕುಗಳಿವೆಯೇ ಎಂದು ನೋಡಲು ಇದೇ ಸಮಯ. ಕಾರವಾರದಲ್ಲಿ ಒಂದು ರಾತ್ರಿ ನಿಂತರೆ ಡಿಸ್ಕ್ ಮೇಲೆ ಕಾಣುವ ಕಿತ್ತಳೆ ತುಕ್ಕು ಗಾಬರಿ ಹುಟ್ಟಿಸುತ್ತದೆ, ಆದರೆ ಬ್ರೇಕ್ ಒತ್ತಿದೊಡನೆ ಹೋಗುತ್ತದೆ; ಉಪ್ಪುಗಾಳಿಯ ನಿಜವಾದ ಕೆಲಸ ಬ್ರೇಕ್ ಪೈಪುಗಳ ತಿರುಪುಗಳಲ್ಲಿ ಮತ್ತು ಪ್ಯಾಡ್ ಹಿಡಿದಿಡುವ ಪಿನ್ನುಗಳಲ್ಲಿ ನಡೆಯುತ್ತದೆ.

ಪ್ಯಾಡ್ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ. ಟ್ರ್ಯಾಕ್ ಪ್ಯಾಡ್‌ಗಳು ಕಾದ ಮೇಲೆ ಕಚ್ಚುತ್ತವೆ, ಮಳೆಯಲ್ಲಿ ರಾಗಿಹೊಸಳ್ಳಿಯ ತಿರುವಿನಲ್ಲಿ ಎಮ್ಮೆ ಅಡ್ಡ ಬಂದಾಗ ಕಾಯಲು ಸಮಯವಿರುವುದಿಲ್ಲ. ಮೂಲ ದರ್ಜೆಯ ಪ್ಯಾಡ್‌ಗಳನ್ನೇ ಹಾಕಿಸಿದೆ. ಹೋಸುಗಳೂ ಹೊಸ ರಬ್ಬರಿನವೇ. ಉಕ್ಕಿನ ಹೆಣಿಗೆಯ ಹೋಸಿನಲ್ಲಿ ಹೊರಕವಚ ಹರಿದು ಮರಳು ಸೇರಿದರೆ ಒಳಗಿನ ಕೊಳವೆ ಸವೆಯುವುದು ಹೊರಗಿನಿಂದ ಕಾಣುವುದಿಲ್ಲ.

ದೊಡ್ಡ ಕಿಟ್‌ನ ಪರವಾಗಿ ಉಳಿದಿದ್ದ ವಾದವೆಂದರೆ ನಿಲ್ಲುವ ದೂರ. ಒಣ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಈಗಿನ ಬ್ರೇಕ್‌ಗಳೇ ಎಬಿಎಸ್ಸನ್ನು (ಚಕ್ರ ಪೂರ್ತಿ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆಯನ್ನು) ಎಬ್ಬಿಸುತ್ತವೆ. ಅಂದರೆ ಟಯರ್ ಕೊಡಬಲ್ಲ ಹಿಡಿತವನ್ನು ಬ್ರೇಕ್ ಆಗಲೇ ಮೀರಿದೆ, ದೂರವನ್ನು ತೀರ್ಮಾನಿಸುತ್ತಿರುವುದು ರಬ್ಬರ್. ಮುಂದಿನ ಡಿಸ್ಕ್ ಮಾತ್ರ ದೊಡ್ಡದಾದರೆ ಸಮತೋಲ ಮುಂದಕ್ಕೆ ಸರಿಯುತ್ತದೆ. ಎಂಜಿನ್ ಮಧ್ಯದಲ್ಲಿರುವ ಈ ಕಾರಿನಲ್ಲಿ ಹಿಂದಿನ ಚಕ್ರಗಳೂ ಒಳ್ಳೆಯ ಪಾಲು ಬ್ರೇಕ್ ಹೊರುವುದರಿಂದ ಆ ಲಾಭವನ್ನು ಕೈಯಾರೆ ಕಳೆದುಕೊಂಡಂತೆ. ಚಕ್ರದ ತೂಕ ಹೆಚ್ಚುವುದು ಬೇರೆ. ರೇಸ್ ಟ್ರ್ಯಾಕಿಗೆ ಹೋಗಿ ಸುತ್ತಿನ ಮೇಲೆ ಸುತ್ತು ಹೊಡೆಯುವವರಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ, ಅಲ್ಲಿ ದೊಡ್ಡ ಡಿಸ್ಕ್‌ಗೆ ಕೊಟ್ಟ ಹಣ ವ್ಯರ್ಥವಲ್ಲ. ನನ್ನ ಕಾರು ಕಾಣುವುದು ಘಟ್ಟ ಮತ್ತು ಹೆದ್ದಾರಿಯನ್ನು.

ಹೀಗಾಗಿ ಕಿಟ್ ಬೇಡವೆಂದು ನಿರ್ಧರಿಸಿ, ಅದರ ಹಣದಲ್ಲಿ ಒಂದು ಪಾಲನ್ನು ನಾಲ್ಕು ಹೊಸ ಟಯರ್‌ಗಳಿಗೆ ಹಾಕಿದ್ದೇನೆ. ಹೊಸ ಆಯಿಲ್‌ನಲ್ಲಿ ಎರಡನೆಯ ಗೇರಿನಲ್ಲಿ ಇಳಿಸಿದಾಗಲೂ, ಹಟಕ್ಕೆ ‘ಡಿ’ಯಲ್ಲಿ ಇಳಿಸಿ ಕತಗಾಲದಲ್ಲಿ ನಿಲ್ಲಿಸಿ ಹೊರಟಾಗಲೂ ಪೆಡಲ್ ಇದ್ದಲ್ಲೇ ಇತ್ತು. ಹಸಿರು ಗೆರೆಯನ್ನು ಅಳಿಸಿಲ್ಲ. ಅದು ಎಂದಾದರೂ ಬಣ್ಣ ಬದಲಿಸಿದರೆ ಎಸ್ ಮಾದರಿಯ ಡಿಸ್ಕ್‌ಗಳ ಮಾತನ್ನು ಮತ್ತೆ ಎತ್ತುತ್ತೇನೆ. ಸದ್ಯಕ್ಕೆ ಬಾಕಿಯಿರುವುದು ಹಿಂದಿನ ಎಡ ಡಿಸ್ಕ್: ಮೈಕ್ರೋಮೀಟರಿನಲ್ಲಿ ಅದರ ದಪ್ಪ, ಡಿಸ್ಕ್‌ನ ಮೇಲೆಯೇ ಕೆತ್ತಿರುವ ಕನಿಷ್ಠ ಮಿತಿಯ ಹತ್ತಿರ ಬಂದಿದೆ. ಒಂದನ್ನೇ ಬದಲಾಯಿಸುವಂತಿಲ್ಲವಾದ್ದರಿಂದ ಜೋಡಿಯನ್ನೇ ತರಿಸಬೇಕು, ಅದೇ 299 ಮಿಲಿಮೀಟರಿನದು.