ಲೈಪ್‌ಜಿಗ್‌ನ ಅಜ್ಜಿ, ಗದಗಿನ ಕಾಕಾ, ನಡುವೆ ಒಬ್ಬ ದೊಡ್ಡಣ್ಣ

ಭಾನುವಾರ ಸಂಜೆ ನಾನಿರುವ ಜರ್ಮನಿಯ ಲೈಪ್‌ಜಿಗ್‌ಗೆ ಗದಗಿನಿಂದ ಕಾಕಾನ ಫೋನ್ ಬಂದೇ ಬರುತ್ತದೆ. ಮೊದಲು ಮಳೆ, ಆಮೇಲೆ ಹತ್ತಿ, ಕಡೆಗೆ ಲೋಕದ ಸುದ್ದಿ. 2025ರ ಆಗಸ್ಟ್ ಕೊನೆಗೆ ಮಾತ್ರ ಮೂರೂ ಒಂದೇ ಆಗಿಬಿಟ್ಟಿದ್ದವು.

"ತಮ್ಮಾ, ದೊಡ್ಡಣ್ಣ ನಮ್ಮ ಸರಕಿನ ಮ್ಯಾಲ 50 ಪರ್ಸೆಂಟ್ ಸುಂಕ ಹಾಕ್ಯಾನ. ನಮ್ಮವ್ರು ನೋಡಿದ್ರ ಹೊರಗಿನ ಹತ್ತಿ ಮ್ಯಾಲಿನ 11 ಪರ್ಸೆಂಟ್ ತಗದಾರ. ಇನ್ನ ನಮ್ಮ ಹತ್ತಿ ಯಾರ ಕೇಳ್ತಾರೋ?"

ಕಾಕಾ ಅಮೆರಿಕ ಅನ್ನುವುದೇ ಇಲ್ಲ. ನಮ್ಮ ಪೇಪರಿನವರೂ ದೊಡ್ಡಣ್ಣ ಅಂತಲೇ ಬರೆಯುತ್ತಾರೆ, ಅಲ್ವಾ?

ಕೆಳಗಿನ ಮನೆಯ ಅಜ್ಜಿ ಆಗ ನಮ್ಮ ಅಡುಗೆಮನೆಯಲ್ಲೇ ಚಹಾ ಕುಡಿಯುತ್ತಿದ್ದರು. ಎಂಬತ್ತು ದಾಟಿದವರು. ಯಾರ ಸುದ್ದಿ ಅಂತ ಕೇಳಿದರು. ದೊಡ್ಡಣ್ಣ ಅನ್ನುವುದನ್ನು ಹಾಗೇ ಜರ್ಮನ್‌ನಲ್ಲಿ ಹೇಳಿದೆ: ಗ್ರೋಸರ್ ಬ್ರೂಡರ್. ಅವರು ಕಪ್ಪು ಕೆಳಗಿಟ್ಟರು. "ಅಮೆರಿಕವೇ? ನಮಗೆ ಅದು ರಷ್ಯಾ."

ಲೈಪ್‌ಜಿಗ್ 1990ರವರೆಗೆ ಪೂರ್ವ ಜರ್ಮನಿಯಲ್ಲಿತ್ತು. ಅಲ್ಲಿಯವರ ದೊಡ್ಡಣ್ಣ ಸೋವಿಯತ್ ಒಕ್ಕೂಟ. ಶಾಲೆಯಲ್ಲಿ ಐದನೇ ಕ್ಲಾಸಿನಿಂದ ರಷ್ಯನ್ ಕಡ್ಡಾಯ. ಅಜ್ಜಿ ಮೇಜಿನ ಮೇಲಿದ್ದ ಕಿರಾಣಿ ಚೀಟಿ ಎಳೆದುಕೊಂಡು, ಅದರ ಹಿಂದೆ ತಮ್ಮ ಹೆಸರನ್ನು ರಷ್ಯನ್ ಅಕ್ಷರಗಳಲ್ಲಿ ಬರೆದರು. ಕೈ ನಡುಗುತ್ತಿತ್ತು, ಅಕ್ಷರ ಮಾತ್ರ ಒಂದೂ ತಪ್ಪಲಿಲ್ಲ. ಆಗಿನ ಕಾಲದಲ್ಲಿ ಜನ ಮೆಲ್ಲಗೆ ಆಡಿಕೊಳ್ಳುತ್ತಿದ್ದ ಮಾತೊಂದನ್ನು ಹೇಳಿದರು: "ರಷ್ಯಾ ಗೆಳೆಯನೋ ಅಣ್ಣನೋ ಅಂದರೆ ಅಣ್ಣನೇ. ಗೆಳೆಯನನ್ನಾದರೆ ನಾವು ಆರಿಸಿಕೊಳ್ಳಬಹುದು."

ಆ ಮಾತು ರಾತ್ರಿಯೆಲ್ಲ ತಲೆಯಲ್ಲಿ ಉಳಿಯಿತು.

ಇಂಥ ದೇಶಗಳಿಗೆ ಇಂಗ್ಲಿಷಿನಲ್ಲಿರುವ 'ಸೂಪರ್‌ಪವರ್' ಪದವನ್ನು ಈಗಿನ ಅರ್ಥದಲ್ಲಿ ರೂಢಿಗೆ ತಂದದ್ದು ವಿಲಿಯಂ ಫಾಕ್ಸ್ ಅನ್ನುವ ಅಮೆರಿಕದ ವಿದ್ವಾಂಸ, 1944ರಲ್ಲಿ. ಅವರ ಪಟ್ಟಿಯಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟದ ಜೊತೆಗೆ ಬ್ರಿಟನ್ನೂ ಇತ್ತು. ಹನ್ನೆರಡೇ ವರ್ಷಕ್ಕೆ, 1956ರಲ್ಲಿ, ಈಜಿಪ್ಟಿನ ಸೂಯೆಜ್ ಕಾಲುವೆಗೆ ನುಗ್ಗಿದ ಬ್ರಿಟನ್ ಪೌಂಡ್ ಕುಸಿಯುವ ಭಯಕ್ಕೆ, ಅಮೆರಿಕದ ಒತ್ತಡಕ್ಕೆ ಮಣಿದು ಹಿಂದೆ ಸರಿಯಿತು. ಸೋವಿಯತ್ ಒಕ್ಕೂಟವೂ ಒಡೆದ ಮೇಲೆ ಫ್ರಾನ್ಸಿನ ವಿದೇಶಾಂಗ ಮಂತ್ರಿ ಯೂಬೆರ್ ವೆದ್ರಿನ್ ಅವರಿಗೆ ಸೂಪರ್ ಕೂಡ ಸಾಲಲಿಲ್ಲ. ಅಮೆರಿಕವನ್ನು 'ಹೈಪರ್‌ಪವರ್' ಅಂದರು. ಇವೆಲ್ಲ ಬಲ ಅಳೆಯುವ ಪದಗಳು. ಯಾರ ಮೇಲೆ ಆ ಬಲ ಅನ್ನುವುದು ಅವುಗಳಲ್ಲಿ ಕಾಣುವುದಿಲ್ಲ. ದೊಡ್ಡಣ್ಣ ಅಂದಕೂಡಲೇ ಕೆಳಗೊಬ್ಬ ತಮ್ಮ ಇದ್ದಾನೆ ಅಂತ ಗೊತ್ತಾಗುತ್ತದೆ. ಅದಕ್ಕೇ ನನಗೆ ನಮ್ಮ ಪದವೇ ಸರಿ ಅನಿಸುತ್ತದೆ.

ಕಾಕಾನ ಎರಿ ಹೊಲಕ್ಕೆ ಇದು ಹೊಸದೇನಲ್ಲ. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿಬೀಜ ತಂದು ನಮ್ಮ ಕಡೆ ಬಿತ್ತಿಸಿದರು. ಆ ಹತ್ತಿಗೆ 'ಧಾರವಾಡ ಅಮೆರಿಕನ್' ಅಂತಲೇ ಹೆಸರಾಯಿತು. 1861ರಲ್ಲಿ ಅಮೆರಿಕನ್ನರು ತಮ್ಮತಮ್ಮಲ್ಲೇ ಯುದ್ಧಕ್ಕೆ ನಿಂತಾಗ ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ಸಾಲದಾಯಿತು, ನಮ್ಮ ಹತ್ತಿಗೆ ಬಂಗಾರದ ರೇಟು ಬಂತು. 1865ರಲ್ಲಿ ಯುದ್ಧ ಮುಗಿಯಿತು, ರೇಟು ಬಿತ್ತು. ಎಲ್ಲೋ ಹೊಗೆ ಆರಿದರೆ ಇಲ್ಲಿ ರೈತನ ಒಲೆ ಆರುತ್ತದೆ.

ಮುಂದಿನ ಭಾನುವಾರ ಅಜ್ಜಿಯ ಮಾತನ್ನು ಕಾಕಾನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು.

"ಖರೇ ಹೇಳ್ಯಾರ ಆ ಅಮ್ಮ. ಆದ್ರ ಅಣ್ಣ ಅಂದಮ್ಯಾಲ ತಮ್ಮಗ ಪಾಲು ಕೊಡಬೇಕಲ್ಲೋ. ಅದನ್ನೂ ಕೇಳು ಅವ್ರನ್ನ."

ಅಜ್ಜಿ ನಾಳೆ ಚಹಾಕ್ಕೆ ಬರುತ್ತಾರೆ. ಕೇಳುತ್ತೇನೆ.